ಐರೀನ್ ಹಾಕಿದ ಚುಕ್ಕಿಗಳು

ಐರೀನ್ ಹುಡಾಕ್ ಐವತ್ತೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ನಮ್ಮೂರಿನ ಬೇಸ್‌ಬಾಲ್ ಆಟಗಳನ್ನು ಬರೆದಳು. ಅದು ಚರ್ಚಿನ ನೆಲಮಾಳಿಗೆಯ ಮಡಚುವ ಕುರ್ಚಿ. ತಂದವಳು ವಾಪಸು ಕೊಡಲಿಲ್ಲ, ಪಾದ್ರಿಗಳೂ ಕೇಳಲಿಲ್ಲ. ವಾರವೆಲ್ಲ ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವುದು, ಭಾನುವಾರ ಬಲಿಪೂಜೆ ಮುಗಿಸಿ ಮೈದಾನಕ್ಕೆ ಬರುವುದು, ಬ್ಯಾಟ್ ಹಿಡಿದವನ ಬೆನ್ನ ಹಿಂದಿನ ತಂತಿಬಲೆಯ ಈಚೆಗಿನ ಮೇಜಿನ ಮುಂದೆ ಕುರ್ಚಿ ಬಿಚ್ಚುವುದು, ತರಕಾರಿ ಹೆಚ್ಚುವ ಚಾಕುವಿನಿಂದ ಪೆನ್ಸಿಲ್ ಕೆತ್ತುವುದು. ಊರವರು ಅವಳನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು.

ಕಾರ್ವರ್ಸ್ ಪ್ಯಾಚ್ ಎಂಬ ನಮ್ಮ ಕಲ್ಲಿದ್ದಲ ಊರಿನಲ್ಲಿ ಅವಳು ಬರೆದದ್ದೇ ಆಟ. ಹೊಡೆದವನು ಚೆನ್ನಾಗಿ ಹೊಡೆದದ್ದರಿಂದ ಚೆಂಡು ಸಿಗಲಿಲ್ಲವೋ, ಹಿಡಿಯಬೇಕಾದವನ ಕೈಯಿಂದ ಜಾರಿತೋ ಎಂದು ತೀರ್ಮಾನಿಸುವವಳು ಅವಳು. ಮೊದಲನೆಯದಾದರೆ ಹಿಟ್, ಎರಡನೆಯದಾದರೆ ತಪ್ಪು. ಸಾಮಾನ್ಯ ಆಟಗಾರ ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಮಾತ್ರ ತಪ್ಪು ಎಂದು ನಿಯಮ. ಆ ಸಾಲು ಅವಳಿಗೆ ಜಪಮಾಲೆಯ ಪ್ರಾರ್ಥನೆಯಷ್ಟೇ ಬಾಯಿಪಾಠ.

ಸ್ಕೋರ್ ಪುಸ್ತಕದ ಚೌಕಗಳಲ್ಲಿ ಹೆಸರು ಹಿಡಿಸುವುದಿಲ್ಲ, ಅಂಕಿ ಹಿಡಿಸುತ್ತದೆ. ಚೆಂಡು ಎಸೆಯುವ ಪಿಚರ್ ಒಂದು. ಅವನೆದುರು ಕುಕ್ಕರಗಾಲಲ್ಲಿ ಕೂರುವ ಕ್ಯಾಚರ್ ಎರಡು. ಹೀಗೆ ಒಂಬತ್ತು ಜಾಗಕ್ಕೆ ಒಂಬತ್ತು ಅಂಕಿ. ಹೊಡೆದವನು ಓಡಿ ಮುಟ್ಟಬೇಕಾದ ಬೇಸುಗಳಲ್ಲಿ ಎರಡನೆಯದರ ಮತ್ತು ಮೂರನೆಯದರ ನಡುವೆ ನಿಂತು, ಬಂದ ಚೆಂಡಿಗೆಲ್ಲ ಓಡಬೇಕಾದ ಶಾರ್ಟ್‌ಸ್ಟಾಪ್ ಆರು. ಐರೀನ್ ಮನುಷ್ಯರನ್ನು ನೆನಪಿಡುತ್ತಿದ್ದುದೂ ಹಾಗೆಯೇ. "ಇವತ್ತು ಚರ್ಚಲ್ಲಿ ನನ್ನ ಮುಂದೆ ಐವತ್ತೇಳನೇ ಇಸವಿಯ ನಾಲ್ಕು ಕೂತಿದ್ದ. ಪೂರಾ ಬೋಳಾಗಿದಾನೆ" ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ತೊಂಬತ್ನಾಲ್ಕರ ಬೇಸಿಗೆ ಮುಗಿಯುವಾಗ, ಅಗ್ನಿಶಾಮಕದವರ ಕಟ್ಟಡವಾದ ಫೈರ್ ಹಾಲಿನ ಮೈದಾನದ ಕಡೆಗಿರುವ ಗೋಡೆಗೆ ಊರಿನ ಎಲ್ಲ ಕಾಲದ ಒಂಬತ್ತು ಮಹಾ ಆಟಗಾರರ ಹೆಸರು ಬರೆಸುವುದೆಂದು ತೀರ್ಮಾನವಾಯಿತು. ಜಾಗಕ್ಕೆ ಒಬ್ಬರಂತೆ, ಚಿತ್ರದ ಸಮೇತ. ಆರಿಸಲು ಮೂವರು ಕೂತರು. ಫೈರ್ ಹಾಲಿನ ಅಧ್ಯಕ್ಷ ಡೆವ್ಲಿನ್ ನಲವತ್ತು ದಾಟಿದವನು, ಎಲ್ಲರಿಗೂ ಮರ್ಯಾದೆ ಕೊಟ್ಟು ಮಾತಾಡುವವನು. ಲಿಯೋ ಮಾಟುಕೋನಿಸ್ ಒಂದು ಕಾಲದ ಕ್ಯಾಚರ್, ಈಗ ಮೂಲೆಯ ಬಾರಿನ ಮಾಲೀಕ. ಮೂರನೆಯವಳು ಐರೀನ್, ಇಪ್ಪತ್ತಾರು ಸ್ಕೋರ್ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದಿದ್ದಳು.

ಮೊದಲ ಶನಿವಾರ ಕೆಲಸ ಸರಾಗವಾಗಿ ಸಾಗಿತು. ಪಿಚರ್ ಜಾಗ ಒಂದೇ ನಿಮಿಷದಲ್ಲಿ ಮುಗಿಯಿತು: ವಾಸಿಲ್ ಹುಡಾಕ್, ಐರೀನಳ ಗಂಡ, ತೀರಿಕೊಂಡು ಏಳು ವರ್ಷ. ಎದುರು ತಂಡಕ್ಕೆ ಒಂದೇ ಒಂದು ಹಿಟ್ ಕೊಡದೆ ಆಟ ಮುಗಿಸಿದ ಪಿಚರ್ ಊರಿನ ಚರಿತ್ರೆಯಲ್ಲಿ ಅವನೊಬ್ಬನೇ. ನಲವತ್ತೆಂಟನೇ ಇಸವಿಯ ಆಗಸ್ಟ್. ಐರೀನ್ ಕಿಟಕಿಯ ಕಡೆ ನೋಡುತ್ತ ಕೈ ಎತ್ತಿದಳು. ಎರಡನೇ ಜಾಗ ಚರ್ಚಿಸುವಾಗ ಲಿಯೋ ನ್ಯಾಯವಂತನಂತೆ ಎದ್ದು ಹೊರಗೆ ಹೋದ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಬೂಟು ಕಾಣಿಸುತ್ತಲೇ ಇತ್ತು.

ಆರಕ್ಕೆ ಬಂದಾಗ ಗಾಡಿ ನಿಂತಿತು.

"ರೇ ಸ್ಟೆಫಾನ್ಕೊ. ಬೇಗ ಬರ್ಕೊಳಪ್ಪ ಡೆವ್ಲಿನ್, ಒಂದು ಗಂಟೆಗೆ ನಾನು ಬಾರ್ ತೆಗೀಬೇಕು" ಎಂದ ಲಿಯೋ.

"ಸ್ಟಾಷ್ ವೋಲಾಕ್" ಎಂದಳು ಐರೀನ್.

"ಏನ್ ಮಾರಾಯ್ತಿ, ನಿನ್ನ ಪುಸ್ತಕಾನೇ ಹೇಳ್ತಿದೆ ನೋಡು. ಸ್ಟಾಷ್ ಎಂಟು ವರ್ಷದಲ್ಲಿ ಅರವತ್ಮೂರು ತಪ್ಪು. ರೇ ಅಷ್ಟೇ ವರ್ಷ ಆಡಿ ಹತ್ತೊಂಬತ್ತು. ಬರ್ದೋರು ಯಾರು? ನಾನಾ?"

"ರೇ ನಿಂತ ಜಾಗ ಬಿಟ್ಟು ಕದಲ್ತಿರಲಿಲ್ಲ. ದೀಪದ ಕಂಬ ಯಾವತ್ತಾದ್ರೂ ಚೆಂಡು ಬಿಟ್ಟಿದ್ದು ನೋಡಿದೀಯಾ?"

"ಕಂಬ ಆದ್ರೇನಂತೆ? ಹತ್ತೊಂಬತ್ತೇ ತಾನೆ!"

ಡೆವ್ಲಿನ್ ಗಂಟಲು ಸರಿಮಾಡಿಕೊಂಡ. "ಮಿಸೆಸ್ ಹುಡಾಕ್, ಸ್ಟಾಷ್ ಆಡಿದ್ದನ್ನ ನಾನು ನೋಡಿಲ್ಲ. ನೋಡಿದೋರಲ್ಲಿ ಉಳಿದಿರೋರು ಎಷ್ಟು ಜನ? ನಾಳೆ ಯಾರಾದ್ರೂ ಗೋಡೆ ಮುಂದೆ ನಿಂತು ಇವನ್ಯಾಕೆ ಅಂತ ಕೇಳಿದ್ರೆ ತೋರಿಸೋಕೆ ಒಂದು ಕಾಗದ ಬೇಕಲ್ವಾ? ಇರೋ ಕಾಗದ ನಿಮ್ದೇ."

ಐರೀನ್ ಪುಸ್ತಕಗಳನ್ನು ಮತ್ತೆ ಗಾಡಿಗೆ ಹಾಕಿದಳು. "ನವೆಂಬರ್ ಮೊದಲ ಶನಿವಾರದವರೆಗೆ ಆರನ್ನ ಖಾಲಿ ಬಿಡಿ."

"ಬಿಟ್ಟರೆ? ತಪ್ಪು ಆವಿ ಆಗಿ ಹೋಗ್ತವಾ?"

"ಬಾರ್ ತೆಗಿ ಹೋಗು, ಲಿಯೋ."

ಮರುದಿನ ಬೆಳಗಿನಿಂದ ಅಡಿಗೆಮನೆಯ ಮೇಜಿನ ಮೇಲೆ ಕೆಲಸ ಶುರುವಾಯಿತು. ನಲವತ್ತಾರರಿಂದ ಐವತ್ಮೂರರವರೆಗೆ ಸ್ಟಾಷ್ ಆಡಿದ ಎಂಟು ವರ್ಷಗಳ ಒಂದೊಂದು ಆಟ, ಒಂದೊಂದು ಚೌಕ. ಅಕ್ಟೋಬರಿನಲ್ಲಿ ಡಾಕ್ಟರ ಕಡೆಯಿಂದ ಫೋನ್ ಬಂತು. ಹೃದಯದ ಕವಾಟ ಸರಿಮಾಡಿಸಬೇಕು, ದಿನ ಗೊತ್ತುಮಾಡೋಣ ಎಂದರು. "ನಾನಿನ್ನೂ ನಲವತ್ತೊಂಬತ್ತನೇ ಇಸವಿಯಲ್ಲಿದೀನಿ. ಐವತ್ಮೂರು ಮುಗೀಲಿ, ಆಮೇಲೆ ಬರ್ತೀನಿ" ಎಂದು ಇಟ್ಟುಬಿಟ್ಟಳು. ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೊಂದಿಗೆ ಕೂತು ಆಲೂಗೆಡ್ಡೆ ತುಂಬಿದ ಪಿರೋಹಿ ಕಡುಬುಗಳ ಅಂಚು ಚಿವುಟುವುದನ್ನು ಮಾತ್ರ ಬಿಡಲಿಲ್ಲ. ಅಲ್ಲೂ ಬೆರಳು ಹಿಟ್ಟಿನ ಮೇಲಿದ್ದರೆ ಮನಸ್ಸು ಚೌಕದಲ್ಲಿರುತ್ತಿತ್ತು. ಹಾಗೆ ಕೂತಿದ್ದಾಗಲೇ ಒಮ್ಮೆ "ಅಯ್ಯೋ, ನನ್ನ ಬುದ್ಧಿಗಿಷ್ಟು" ಎಂದು ಗಟ್ಟಿಯಾಗಿ ಅಂದುಬಿಟ್ಟಳು. ಪಕ್ಕದವಳು ತನ್ನ ಕೈಯ ಪಿರೋಹಿ ಒಡೆಯಿತೇನೋ ಎಂದು ನೋಡಿಕೊಂಡಳು.

ಅವಳಿಗೆ ಹೊಳೆದದ್ದು ಇದು. ಹಿಡಿಯುವವನು ಮೂರು ಹೆಜ್ಜೆಗಿಂತ ಹೆಚ್ಚು ಓಡಬೇಕಾಗಿ ಬಂದ ಚೆಂಡಿಗೆ ಚೌಕದ ಮೂಲೆಯಲ್ಲಿ ಸಣ್ಣ ಚುಕ್ಕಿ ಇಡುವುದು ಅವಳ ಪದ್ಧತಿ. ಲೀಗಿನವರು ಕೇಳಿದ್ದಲ್ಲ, ಯಾರೂ ಕಲಿಸಿದ್ದಲ್ಲ. ಕಾಲರಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ ರೂಢಿಯಾಗಿದ್ದ ಕೈ ತಾನಾಗಿ ಹಾಕಿದ್ದು. ಸ್ಟಾಷನ ಅರವತ್ಮೂರು ತಪ್ಪುಗಳಲ್ಲಿ ಮೂವತ್ತೆಂಟಕ್ಕೆ ಚುಕ್ಕಿಯಿತ್ತು. ಅಂದರೆ ಬೇರೆ ಯಾರೂ ಹತ್ತಿರಕ್ಕೂ ಹೋಗುತ್ತಿರದ ಚೆಂಡಿಗೆ ಅವನು ಓಡಿ, ಬಿದ್ದು, ಕೈ ಚಾಚಿದ್ದ. ಓಡದೆ ನಿಂತಿದ್ದರೆ ಅದು ಹಿಟ್ ಆಗುತ್ತಿತ್ತು. ಓಡಿ ಮುಟ್ಟಿದ್ದಕ್ಕೆ ತಪ್ಪು ಆಯಿತು. ಹಾಗೆ ಬರೆದವಳು ಅವಳೇ. ಸ್ಟಾಷ್ ಅಂಥವನ್ನು ಹಿಡಿಯುವುದನ್ನು ನೋಡಿ ನೋಡಿ, ಸಾಮಾನ್ಯ ಆಟಗಾರನ ಅಳತೆಯನ್ನು ಮರೆತು ಸ್ಟಾಷನನ್ನು ಸ್ಟಾಷನಿಂದಲೇ ಅಳೆದಿದ್ದಳು. ಅವನು ಮುಟ್ಟಿದ ಮೇಲೆ ಹಿಡಿಯಲೇಬೇಕು ಎಂಬುದು ಅವಳಿಗೇ ತಿಳಿಯದೆ ಅವಳು ಮಾಡಿಕೊಂಡಿದ್ದ ನಿಯಮ.

ಮೂವತ್ತೆಂಟನ್ನೂ ಒಂದೊಂದಾಗಿ ಮತ್ತೆ ಜರಡಿ ಹಿಡಿದಳು. ಏಳು ನಿಜವಾಗಿಯೂ ತಪ್ಪೇ; ಅವನ್ನು ಬಿಡಲಿಲ್ಲ. ಉಳಿದ ಮೂವತ್ತೊಂದು ಹಿಟ್ ಆಗಬೇಕಿತ್ತು. ಆಮೇಲೆ ಅವನು ಓಡಿಹೋಗಿ ಹಿಡಿದ ಚೆಂಡುಗಳ ಚುಕ್ಕಿ ಎಣಿಸಿದಳು: ಇನ್ನೂರ ಹನ್ನೆರಡು. ರೇ ಸ್ಟೆಫಾನ್ಕೊನ ಎಂಟು ವರ್ಷಕ್ಕೆ ಹದಿನಾಲ್ಕು. ಅಷ್ಟು ಸಾಕಿತ್ತು. ಆರನೇ ಜಾಗ ಸ್ಟಾಷನದು. ಲಿಯೋ ಎಷ್ಟು ಎಗರಾಡಿದರೂ ಒಪ್ಪಲೇಬೇಕು.

ಆದರೆ ಒಂದು ಪುಟ ಉಳಿದಿತ್ತು. ನಲವತ್ತೆಂಟನೇ ಇಸವಿಯ ಪುಸ್ತಕದಲ್ಲಿ ಆಗಸ್ಟಿನ ಆ ಭಾನುವಾರದ ಆಟವನ್ನು ಅವಳು ಹಾರಿಸಿಕೊಂಡು ಮುಂದೆ ಹೋಗಿದ್ದಳು. ಅಕ್ಟೋಬರ್ ಕೊನೆಯ ಸೋಮವಾರ, ಕಾಫಿ ಕುಡಿದು, ಲೋಟ ತೊಳೆದು, ಏಪ್ರನ್ ಕಳಚಿ, ಆ ಪುಟ ತೆರೆದಳು.

ಒಂಬತ್ತನೇ ಇನ್ನಿಂಗ್ಸ್. ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಆಟವೇ ಮುಗಿಯಿತು. ಅಲ್ಲಿಯವರೆಗೆ ವಾಸಿಲ್ ಒಂದೂ ಹಿಟ್ ಕೊಟ್ಟಿಲ್ಲ. ಆಗ ಅವರಿಬ್ಬರ ಮದುವೆ ನಿಶ್ಚಯವಾಗಿತ್ತು, ಅಕ್ಟೋಬರಿಗೆ. ಚೆಂಡು ಮೂರನೇ ಬೇಸಿನ ಹಿಂದಕ್ಕೆ ನುಗ್ಗಿತು. ಸ್ಟಾಷ್ ಆರು ಹೆಜ್ಜೆ ಓಡಿ ನೆಲಕ್ಕೆ ಬಿದ್ದು ಗ್ಲೌಸಿನ ತುದಿಯಲ್ಲಿ ಅದನ್ನು ಮುಟ್ಟಿದ. ಅದು ಜಾರಿ ಮಣ್ಣಲ್ಲಿ ಉರುಳಿತು. ಓಡುವವನು ಬೇಸ್ ಮುಟ್ಟಿದ. ಮೈದಾನವೆಲ್ಲ ಒಂದೇ ಸಲ ತಿರುಗಿ ಇಪ್ಪತ್ತೆರಡು ವರ್ಷದ ಹುಡುಗಿಯ ಪೆನ್ಸಿಲನ್ನು ನೋಡಿತು. ಅವಳು ಪೆನ್ಸಿಲ್ ಕೆಳಗಿಟ್ಟಳು. ಎತ್ತಿಕೊಂಡಳು. ಆರರ ಮೇಲೆ ತಪ್ಪು ಎಂದು ಬರೆದಳು. ಮುಂದಿನವನು ಔಟಾದ, ವಾಸಿಲನನ್ನು ಹೆಗಲ ಮೇಲೆ ಹೊತ್ತರು.

ಚೌಕ ಹಾಗೆಯೇ ಇತ್ತು. ಮೂಲೆಯಲ್ಲಿ ಚುಕ್ಕಿ ಇರಲಿಲ್ಲ. ಆರು ಹೆಜ್ಜೆ ಓಡಿದವನಿಗೆ ಆ ಎಂಟು ವರ್ಷಗಳಲ್ಲಿ ಅವಳು ಚುಕ್ಕಿ ಇಡದ ಚೆಂಡು ಅದೊಂದೇ. ಕೈ ಮರೆತದ್ದಲ್ಲ.

ಇದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಸ್ಟಾಷನಿಗೆ ಇದಿಲ್ಲದೆಯೂ ಜಾಗ ಸಿಗುತ್ತಿತ್ತು. ತಪ್ಪು ಅಳಿಸಿದರೆ ಅದು ಹಿಟ್ ಆಗುತ್ತದೆ, ಹಿಟ್ ಆದರೆ ವಾಸಿಲನ ಆಟ ಎಲ್ಲ ಆಟಗಳಂತೆ ಒಂದು ಆಟವಾಗುತ್ತದೆ, ಗೋಡೆಯ ಮೇಲಿನ ಮೊದಲನೇ ಹೆಸರು ಅಲುಗಾಡುತ್ತದೆ. ಮಕ್ಕಳಿಲ್ಲದ ಮನೆ. ವಾಸಿಲನ ಹೆಸರು ಉಳಿಯಲು ಸಮಾಧಿಯ ಕಲ್ಲು ಬಿಟ್ಟರೆ ಆ ಗೋಡೆಯೇ.

ಕಿಟಕಿಯ ಪಕ್ಕದ ಬುಟ್ಟಿಯಲ್ಲಿ ಅರ್ಧ ರಿಪೇರಿಯಾದ ಹಸಿರು ಸಾಕ್ಸ್ ಇತ್ತು. ಹಿಮ್ಮಡಿಯ ತೂತಿಗೆ ಆಸರೆಯಾಗಿ ಒಳಗೆ ಒಂದು ಚೆಂಡು. ಆ ದಿನದ ಚೆಂಡೇ ಅದು. ಬೇರೆಯವರಾದರೆ ಗಾಜಿನ ಪೆಟ್ಟಿಗೆಯಲ್ಲಿಡುತ್ತಿದ್ದರು. ಮದುವೆಯಾದ ವಾರ ವಾಸಿಲ್ ಅದನ್ನು ಅವಳ ಮಡಿಲಿಗೆ ಹಾಕಿ, "ತಗೋ, ಸಾಕ್ಸ್ ಹೊಲಿಯೋಕಾಗುತ್ತೆ" ಎಂದಿದ್ದ. ತಮಾಷೆಯೆಂದು ನಕ್ಕಿದ್ದಳು. ಅದರ ಮೇಲೆ ಅವನ ಅದೆಷ್ಟೋ ಸಾಕ್ಸ್ ಹೊಲಿದಿದ್ದಳು. ಆ ಆಟದ ಮಾತು ಬಾರಿನಲ್ಲಿ ಬಂದಾಗಲೆಲ್ಲ ಅವನು ಸಿಗರೇಟು ತರುವ ನೆಪದಲ್ಲಿ ಏಳುತ್ತಿದ್ದುದನ್ನೂ ನೋಡಿದ್ದಳು. ನೋಡಿಯೂ ಕೇಳಿರಲಿಲ್ಲ.

ಕೋಟು ಹಾಕಿಕೊಂಡು, ಪುಸ್ತಕವನ್ನೂ ಚೆಂಡನ್ನೂ ಚೀಲಕ್ಕೆ ಹಾಕಿ ಹೊರಟಳು.

ಸ್ಟಾಷ್ ವೋಲಾಕನ ಮನೆ ಎರಡು ಬೀದಿ ಮೇಲೆ. ಗಣಿಯ ಧೂಳು ಅವನ ಎದೆಯನ್ನು ತಿಂದಿತ್ತು; ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಅಡಿಗೆಮನೆಯಲ್ಲಿ ಎಲೆಕೋಸು ಹೆಚ್ಚುತ್ತಿದ್ದ. ವಾಸಿಲನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಆದರೆ ನಲವತ್ತೆಂಟರ ನಂತರ ಮೈದಾನದಲ್ಲಿ ಐರೀನಳ ಮೇಜಿನ ಹತ್ತಿರಕ್ಕೆ ಬಂದವನಲ್ಲ. ಆಟ ಬಿಟ್ಟ ಮೇಲೂ ಬೇಲಿಯ ಆಚೆ ನಿಂತೇ ನೋಡುತ್ತಿದ್ದ.

"ಏನ್ ಪೆನ್ಸಿಲ್, ಇಷ್ಟು ಮೆಟ್ಟಿಲು ಹತ್ತಿದೀಯ? ಡಾಕ್ಟರಿಗೆ ಗೊತ್ತಾ?"

"ನಲವತ್ತೆಂಟನೇ ಇಸವಿ, ಒಂಬತ್ತನೇ ಇನ್ನಿಂಗ್ಸ್. ಅದು ಹಿಟ್" ಎಂದಳು ಐರೀನ್, ಕೂರದೆ.

ಸ್ಟಾಷ್ ಚಾಕು ಕೆಳಗಿಟ್ಟ.

"ಗೊತ್ತು" ಎಂದ.

"ಗೊತ್ತಿದ್ದೂ ನೀನು..."

"ನೀನು ಪೆನ್ಸಿಲ್ ಕೆಳಗಿಟ್ಟಿದ್ದು ನೋಡಿದೆ. ಎತ್ಕೊಂಡಿದ್ದೂ ನೋಡಿದೆ. ಏನ್ ಕೇಳ್ಲಿ? ಅಕ್ಟೋಬರಲ್ಲಿ ನಿಮ್ಮಿಬ್ಬರ ಮದುವೇಲಿ ಕುಣಿದೋನು ನಾನು." ಅವನು ಉಸಿರು ಎಳೆದುಕೊಂಡ. "ಬಿಡು ಐರೀನ್. ವಾಸಿಲ್ ಹೆಸರು ಇರ್ಲಿ. ನನಗೆ ಈಗ ಅದರಿಂದ ಏನಾಗಬೇಕು?"

"ನಿನ್ನನ್ನ ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀನಿ. ಊರೆಲ್ಲ ನಿನ್ನ ನೋಡಿ ಅಯ್ಯೋ ಅಂದದ್ದು ನನ್ನ ಕೈಯಿಂದ. ಶನಿವಾರ ಅದನ್ನ ತಿದ್ದುತೀನಿ." ಚೆಂಡನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ನಿಂದು."

ಸ್ಟಾಷ್ ಅದನ್ನು ಎತ್ತಿ ತಿರುಗಿಸಿ ನೋಡಿದ. ಹೊಲಿಗೆಯ ನಡುವೆ ಹಸಿರು ಎಳೆ ಸಿಕ್ಕಿಕೊಂಡಿತ್ತು. "ಇದರಲ್ಲಿ ಸಾಕ್ಸ್ ಹೊಲೀತಿದ್ಯಾ!" ಎಂದು ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಕೂತಲ್ಲಿಂದಲೇ, ಮಣಿಕಟ್ಟಿನ ಒಂದೇ ತಿರುವಿನಿಂದ, ಚೆಂಡನ್ನು ಅವಳ ಕಡೆ ಎಸೆದ. ಅದು ಅವಳ ಬೆರಳಿಗೆ ತಾಗಿ ಎಲೆಕೋಸಿನ ಬುಟ್ಟಿಗೆ ಬಿತ್ತು.

"ತಪ್ಪು. ಬರ್ಕೊ."

"ಸಾಮಾನ್ಯ ಪ್ರಯತ್ನಕ್ಕೆ ಸಿಗೋ ಎಸೆತ ಅಲ್ಲ ಅದು" ಎಂದಳು ಐರೀನ್. ಮೆಟ್ಟಿಲಿಳಿಯುವಾಗ ಎದೆ ಹಿಡಿದುಕೊಂಡು ಎರಡು ಕಡೆ ನಿಂತಳು. ಚೆಂಡು ಮತ್ತೆ ಚೀಲದಲ್ಲಿತ್ತು.

ಶನಿವಾರ ಫೈರ್ ಹಾಲಿನಲ್ಲಿ ಮೊದಲು ಮೂವತ್ತೊಂದನ್ನು ಓದಿದಳು. ಇನ್ನೂರ ಹನ್ನೆರಡನ್ನೂ ಹದಿನಾಲ್ಕನ್ನೂ ಓದಿದಳು. ಲಿಯೋ ಹದಿನೈದು ನಿಮಿಷ ವಾದಿಸಿ, ಕೊನೆಗೆ ಎರಡೂ ಕೈ ಮೇಲೆತ್ತಿದ. "ಆಯ್ತು ಮಾರಾಯ್ತಿ, ಸ್ಟಾಷ್. ರೇ ಮನೆಯೋರು ಬಂದ್ರೆ ನಿನ್ನ ಬಾಗಿಲಿಗೇ ಕಳಿಸ್ತೀನಿ."

"ಇನ್ನೂ ಒಂದಿದೆ" ಎಂದು ಐರೀನ್ ಆ ಪುಟ ತೆರೆದಳು. ಯಾವ ಪುಟವೆಂದು ಕಂಡದ್ದೇ ಲಿಯೋ ಕುರ್ಚಿಯಿಂದ ಅರ್ಧ ಎದ್ದ.

"ಅದನ್ನ ಮುಚ್ಚು."

"ಯಾಕೆ?"

"ಲೀಗಿನ ನಿಯಮ ಏನು? ಬರೆದಿದ್ದನ್ನ ತಿದ್ದೋಕೆ ಇಪ್ಪತ್ನಾಲ್ಕು ಗಂಟೆ. ನಲವತ್ತಾರು ವರ್ಷ ಆಯ್ತು, ಐರೀನ್!"

"ತಡ ಆಗಿದೆ. ಒಪ್ತೀನಿ."

"ಕ್ಯಾಚರ್ ನಾನು! ಎದುರಿಗೇ ಇದ್ದೆ!" ಅವನ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಹಿಟ್ ಅಂತ ನಂಗೊತ್ತು. ಎಲ್ಲರಿಗೂ ಗೊತ್ತು. ಬೇಸ್ ಹತ್ರ ನಿಂತಿದ್ದ ಅಂಪೈರಿಗೂ ಗೊತ್ತು. ನಿನ್ನ ಮದುವೆಗೆ ಊರು ಕೊಟ್ಟ ಉಡುಗೊರೆ ಅನ್ಕೊ."

ಐರೀನ್ ಪುಟದ ಮೇಲಿನ ಕೈ ತೆಗೆಯಲಿಲ್ಲ. "ಅಂದ್ರೆ ನೀವೆಲ್ಲ ಸೇರಿ ಇಷ್ಟು ವರ್ಷ ನನ್ನ ಪುಸ್ತಕ ಸುಳ್ಳಾಗಿರೋಕೆ ಬಿಟ್ರಿ. ಆ ಉಡುಗೊರೇನ ಕೊಟ್ಟವನು ಸ್ಟಾಷ್ ಒಬ್ಬನೇ. ನೀವು ನೋಡ್ತಾ ನಿಂತಿದ್ರಿ. ನಾನೂ."

ಡೆವ್ಲಿನ್ ಮೆಲ್ಲಗೆ, "ಬೇಕಾದ್ರೆ ಇದನ್ನ ಮತಕ್ಕೆ ಹಾಕೋಣ, ಮಿಸೆಸ್ ಹುಡಾಕ್" ಎಂದ.

"ಯಾರು ದೊಡ್ಡೋರು ಅನ್ನೋದಕ್ಕೆ ಕೈ ಎತ್ತಿ. ಏನಾಯ್ತು ಅನ್ನೋದಕ್ಕೆ ಕೈ ಎತ್ತೋ ಹಾಗಿಲ್ಲ."

ಚಾಕು ತೆಗೆದು ಪೆನ್ಸಿಲ್ ಕೆತ್ತಿದಳು. ಹಳೆಯದನ್ನು ಅಳಿಸಲಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಹಿಟ್ ಎಂದು ಬರೆದು, ದಿನಾಂಕ ಹಾಕಿ, ಹೆಸರು ಬರೆದಳು. ಕೊನೆಗೆ ಮೂಲೆಯಲ್ಲಿ ಚುಕ್ಕಿ ಇಟ್ಟಳು.

"ಈಗ ಒಂದನೇ ಜಾಗ ಮತ್ತೆ ಎತ್ಕೊಳ್ಳಿ" ಎಂದಳು.

ಆ ಆಟದ ಹೆಗ್ಗಳಿಕೆ ಹೋದ ಮೇಲೆ ವಾಸಿಲನಿಗೆ ಉಳಿದದ್ದು ಗೆಲುವಿನ ಲೆಕ್ಕ ಮಾತ್ರ: ಅರವತ್ನಾಲ್ಕು. ಕಣಿವೆಯ ಕೆಳಗಿನಿಂದ ಬಂದು ಆಡುತ್ತಿದ್ದ ಜರ್ಮನ್ ರೈತ ಹಾರ್ವಿ ರೀಡಲನದು ಎಂಬತ್ತೊಂದು. ಹಾರ್ವಿ ಯಾರಿಗೂ ಇಷ್ಟವಿರಲಿಲ್ಲ. ಗೆದ್ದ ದಿನವೂ ಯಾರ ಜೊತೆಗೂ ಕೂರದೆ ಹಾಲು ಕರೆಯುವ ಹೊತ್ತಾಯಿತೆಂದು ಹೋಗಿಬಿಡುತ್ತಿದ್ದವನು.

"ವಾಸಿಲ್" ಎಂದ ಲಿಯೋ ತಟ್ಟನೆ. "ಆ ಹಾರ್ವಿ ನನ್ನ ಬಾರಲ್ಲಿ ಒಬ್ಬರಿಗೂ ಒಂದು ಗ್ಲಾಸು ಕೊಡಿಸಿದೋನಲ್ಲ."

ಡೆವ್ಲಿನ್ ಪುಸ್ತಕ ನೋಡಿದ, ಐರೀನಳ ಮುಖ ನೋಡಿದ, ಮತ್ತೆ ಪುಸ್ತಕ ನೋಡಿದ. "ಹಾರ್ವಿ" ಎಂದ, ಕ್ಷಮೆ ಕೇಳುವವನಂತೆ.

ಐರೀನ್ ಕೈ ಎತ್ತಿದಳು. ಈ ಸಲ ಕಿಟಕಿಯ ಕಡೆ ನೋಡಲಿಲ್ಲ. "ಹಾರ್ವಿ ರೀಡಲ್. ಬರ್ಕೊ ಡೆವ್ಲಿನ್. ಹೆಸರಿನ ಅಕ್ಷರ ಸರಿಯಾಗಿರ್ಲಿ."

ಡಾಕ್ಟರಿಗೆ ಫೋನ್ ಮಾಡಿದ್ದು ಅದಾದ ಮೇಲೆ. ಕವಾಟದ ಕೆಲಸ ಫೆಬ್ರವರಿಗೆ ಗೊತ್ತಾಯಿತು. ಐರೀನಳ ಹೃದಯ ಫೆಬ್ರವರಿಯ ಮೊದಲ ವಾರವೇ ನಿಂತಿತು, ಬೆಳಿಗ್ಗೆ, ಅಡಿಗೆಮನೆಯಲ್ಲಿ. ಇದನ್ನು ಇಲ್ಲಿ ಇನ್ನೂ ಉದ್ದಕ್ಕೆ ಬರೆಯುವ ಶಕ್ತಿ ಅವಳ ಸ್ನೇಹಿತರಲ್ಲಿ ಯಾರಿಗೂ ಇಲ್ಲ. ಮನೆ ಖಾಲಿ ಮಾಡುವಾಗ ಬುಟ್ಟಿಯಲ್ಲಿ ಆ ಹಸಿರು ಸಾಕ್ಸ್ ಸಿಕ್ಕಿತು. ಒಳಗೆ ಚೆಂಡಿತ್ತು, ಸೂಜಿ ಚುಚ್ಚಿದ್ದಲ್ಲೇ ಇತ್ತು.

ಮೇ ತಿಂಗಳಲ್ಲಿ ಗೋಡೆ ಮುಗಿಯಿತು. ಹಾರ್ವಿಯ ಮುಖದ ಮುಂದೆ ನಿಂತು ಗೊಣಗಿದವರು ಇದ್ದಾರೆ, ಈಗಲೂ ಇದ್ದಾರೆ. ವಾಸಿಲನ ಹೆಸರು ಎಲ್ಲೂ ಇಲ್ಲ. ಆಟದ ಋತುವಿನ ಮೊದಲ ಭಾನುವಾರ ಐರೀನಳ ಮಡಚುವ ಕುರ್ಚಿಯನ್ನು ಬಿಚ್ಚಿ ಕೂತವನು ಲಿಯೋ. ಬೇರೆ ಯಾರೂ ಒಪ್ಪಿರಲಿಲ್ಲ. ಬೇಲಿಯ ಆಚೆಯಿಂದ ಸ್ಟಾಷ್ ವೋಲಾಕ್ ಆಕ್ಸಿಜನ್ ಗಾಡಿ ಎಳೆದುಕೊಂಡು ನಿಧಾನವಾಗಿ ಬಂದ. ಮೇಜಿನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂತ. ನಲವತ್ತಾರು ವರ್ಷಗಳಲ್ಲಿ ಅದು ಮೊದಲ ಸಲ.

ನಾಲ್ಕನೇ ಇನ್ನಿಂಗ್ಸಿನಲ್ಲಿ ಚೆಂಡು ಮೂರನೇ ಬೇಸಿನ ಹಿಂದಕ್ಕೆ ಹೋಯಿತು. ನಮ್ಮ ಶಾರ್ಟ್‌ಸ್ಟಾಪ್ ಓಡಿ ಬಿದ್ದ, ಮುಟ್ಟಿದ, ಬಿಟ್ಟ. ಜನ ಅಯ್ಯೋ ಎಂದರು. ಎಲ್ಲರೂ ಮೇಜಿನ ಕಡೆ ತಿರುಗಿದರು. ಲಿಯೋ ಪೆನ್ಸಿಲ್ ಕೆಳಗಿಟ್ಟ.

"ಏನ್ ಬರೀಲಿ?" ಎಂದು ಪಿಸುಗುಟ್ಟಿದ.

"ಎಷ್ಟು ಹೆಜ್ಜೆ ಓಡಿದ?" ಎಂದ ಸ್ಟಾಷ್.

"ಐದು."

"ಮತ್ತೆ ನನ್ನನ್ನೇನು ಕೇಳ್ತೀಯ?"

ಲಿಯೋ ಪೆನ್ಸಿಲ್ ಎತ್ತಿಕೊಂಡು ಹಿಟ್ ಎಂದು ಬರೆದ. ಚೌಕದ ಮೂಲೆಯಲ್ಲಿ, ದಪ್ಪ ಬೆರಳಿನಿಂದ ಸ್ವಲ್ಪ ಒರಟಾಗಿ, ಒಂದು ಚುಕ್ಕಿ ಇಟ್ಟ.